ಒಂಬತ್ತು ವರ್ಷ ಬಳಸಿದ ಇಆರ್‌ಪಿ: ಕೆಲಸಕ್ಕೆ ಒಳ್ಳೆಯದು, ಬಿಡೋಕೆ ಹೋದರೆ ಕಷ್ಟ

ನಾನು ಅಕೌಂಟ್ಸ್ ವಿಭಾಗದವಳು. ಒಂಬತ್ತು ವರ್ಷದಿಂದ ದಿನಾ ಇದೇ ಇಆರ್‌ಪಿ, ಅಂದರೆ ಖರೀದಿ, ಸರಕು, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್. ಫೀಚರ್‌ಗಳ ಪಟ್ಟಿಯನ್ನು ನೀವು ಈಗಾಗಲೇ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ.

ಬೆಳಿಗ್ಗೆ ಲಾಗಿನ್ ಆದ ಕೂಡಲೇ ಬಾಕಿ ಬಿಲ್‌ಗಳನ್ನು ತೆರೆಯುತ್ತೇನೆ. ಪರ್ಚೇಸ್ ಆರ್ಡರ್, ಸರಕು ಬಂದ ರಸೀದಿ, ಸಪ್ಲೈಯರ್ ಬಿಲ್ ಮೂರೂ ತಾಳೆಯಾದರೆ ಸಾಲು ಹಸಿರಾಗುತ್ತದೆ. ಆಗದಿದ್ದರೆ ತಪ್ಪಿರುವ ಅಂಕಿಯ ಮೇಲೇ ಗುರುತು ಬೀಳುತ್ತದೆ, ಹುಡುಕಬೇಕಾಗಿಲ್ಲ. ಮೌಸ್ ಮುಟ್ಟದೆ ನಲವತ್ತು ಬಿಲ್ ಮುಗಿಸಬಹುದು. ತಿಂಗಳ ಕೊನೆಗೆ ಲೆಕ್ಕ ಟ್ಯಾಲಿ ಆಗಿ, ಆ ತಿಂಗಳನ್ನು ಲಾಕ್ ಮಾಡುವ ಬಟನ್ ಒತ್ತುವಾಗ ಆಗುವ ನೆಮ್ಮದಿ ಈಗಲೂ ಕಡಿಮೆಯಾಗಿಲ್ಲ.

ಐದನೇ ವರ್ಷ ಇದನ್ನು ಮಾಡಿದ ಕಂಪನಿಯನ್ನು ಒಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಆಮೇಲೆ ಹೊಸ ರಿಪೋರ್ಟ್‌ಗಳು ಬರುವುದೇ ನಿಂತುಹೋಯಿತು. ಮೊದಲು ಫೋನ್ ಮಾಡಿದರೆ ನಮ್ಮ ಸೆಟಪ್ ಗೊತ್ತಿದ್ದವರು ಸಿಗುತ್ತಿದ್ದರು, ಈಗ ಟಿಕೆಟ್ ನಂಬರ್ ಸಿಗುತ್ತದೆ. ಸಪೋರ್ಟ್ ಶುಲ್ಕ ಮಾತ್ರ ರಿನ್ಯೂವಲ್ ಆದಾಗಲೆಲ್ಲ ಏರಿತು. ನಮ್ಮದು ಸಣ್ಣ ಬಜೆಟ್, ಹಾಗಾಗಿ ಕಳೆದ ವರ್ಷ ಬೇರೆಯದಕ್ಕೆ ಹೋಗೋಣ ಅಂತ ಕೂತೆವು.

ಡೇಟಾ ಹೊರಗೆ ಬಂತು, ನಿಜ. ಬಿಲ್‌ಗಳದ್ದೊಂದು ಫೈಲ್, ಪಾವತಿಗಳದ್ದೊಂದು ಫೈಲ್. ಆದರೆ ಯಾವ ಪಾವತಿ ಯಾವ ಬಿಲ್‌ಗೆ ಹೋಯಿತು ಅನ್ನುವ ಕೊಂಡಿಯೇ ಇಲ್ಲ! ಯಾರು ಯಾವಾಗ ಅಪ್ರೂವ್ ಮಾಡಿದರು ಅನ್ನುವುದೂ ಇಲ್ಲ. ಸ್ಕ್ಯಾನ್ ಮಾಡಿಟ್ಟ ಬಿಲ್‌ಗಳ ಫೈಲ್ ಹೆಸರುಗಳೆಲ್ಲ ಬರೀ ಅಂಕಿ. ಆಡಿಟರ್ ಮುಂದೆ ಇದನ್ನು ಇಡೋಕಾಗುತ್ತಾ?

ಆಗಲೇ ಪೀಪಲ್‌ಸಾಫ್ಟ್ ಅನ್ನುವ ಇಆರ್‌ಪಿ ಕಂಪನಿಯ ಹಳೆಯ ಕೇಸಿನ ಬಗ್ಗೆ ಓದಿದೆ. ಆ ಕಂಪನಿಯನ್ನು ಕೊಳ್ಳಲು, ಇಂಥದ್ದೇ ಸಾಫ್ಟ್‌ವೇರ್ ಮಾರುವ ಒರಾಕಲ್ 2003ರಲ್ಲಿ ಹೊರಟಿತು. ಅದನ್ನು ತಡೆಯಲು ಅಮೆರಿಕದ ನ್ಯಾಯ ಇಲಾಖೆ 2004ರಲ್ಲಿ ಕೋರ್ಟಿಗೆ ಹೋಯಿತು. ದೊಡ್ಡ ಸಂಸ್ಥೆಗಳಿಗೆ ಬೇಕಾದಂಥದ್ದನ್ನು ಕೊಡುವವರು ಒರಾಕಲ್, ಪೀಪಲ್‌ಸಾಫ್ಟ್, ಎಸ್‌ಎಪಿ ಮೂವರೇ, ಅದು ಇಬ್ಬರಿಗೆ ಇಳಿಯುತ್ತದೆ ಅನ್ನುವುದು ಇಲಾಖೆಯ ವಾದ. ಕೋರ್ಟ್ ಒಪ್ಪಲಿಲ್ಲ. 2005ರಲ್ಲಿ ಸುಮಾರು 1,030 ಕೋಟಿ ಡಾಲರ್‌ಗೆ ಖರೀದಿ ಮುಗಿಯಿತು. ಕಂಪನಿಗಳು ಎಷ್ಟಿವೆ ಅಂತ ಎಣಿಸುವುದು ಹೊಸದಾಗಿ ಕೊಳ್ಳುವವರಿಗೆ ಸರಿ. ಒಳಗೆ ಒಂಬತ್ತು ವರ್ಷದ ಲೆಕ್ಕ ಇಟ್ಟುಕೊಂಡವರಿಗೆ ಇರುವುದು ಒಂದೇ ಕಂಪನಿ, ಅಲ್ವಾ?

ಗ್ರಾಹಕರು ಸಾಫ್ಟ್‌ವೇರ್ ಕೊಂಡ ಮೇಲಿನ ಈ ಭಾಗದ ಮೇಲೆ ಈಗ ಯುರೋಪಿನಲ್ಲಾದರೂ ಕಣ್ಣು ಬಿದ್ದಿದೆ. ಗ್ರಾಹಕರ ಸ್ವಂತ ಸರ್ವರ್‌ಗಳಲ್ಲಿ ನಡೆಯುವ ಇಆರ್‌ಪಿಗೆ ಎಸ್‌ಎಪಿ ಕೊಡುವ ಮೇಂಟೆನೆನ್ಸ್ ಮತ್ತು ಸಪೋರ್ಟ್ ಷರತ್ತುಗಳ ಬಗ್ಗೆ ಯುರೋಪಿಯನ್ ಕಮಿಷನ್ 2025ರ ಸೆಪ್ಟೆಂಬರ್‌ನಲ್ಲಿ ತನಿಖೆ ಶುರುಮಾಡಿತು. ನಮ್ಮದು ಅವರ ಸಾಫ್ಟ್‌ವೇರ್ ಅಲ್ಲ. ಆದರೂ ಸುದ್ದಿ ಓದಿ ಖುಷಿಯಾಯಿತು.

ದಿನದ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ಸಪೋರ್ಟ್‌ಗೆ ಎರಡು, ಬಿಟ್ಟು ಹೋಗುವ ದಾರಿಗೆ ಸೊನ್ನೆ. ನೀವು ಯಾವ ಇಆರ್‌ಪಿ ನೋಡುತ್ತಿದ್ದರೂ ಡೆಮೊದಲ್ಲಿ ಒಂದು ಬಿಲ್, ಅದರ ಎರಡು ಕಂತಿನ ಪಾವತಿ ಹಾಕಿಸಿ, ನಿಮ್ಮ ಎದುರಿಗೇ ಎಕ್ಸ್‌ಪೋರ್ಟ್ ಮಾಡಿಸಿ. ಮೂರೂ ಜೋಡಿಯಾಗಿಯೇ ಹೊರಬರುತ್ತವಾ ನೋಡಿ.

ನಾವು ಇನ್ನೆರಡು ವರ್ಷಕ್ಕೆ ರಿನ್ಯೂ ಮಾಡಿದೆವು. ಈಗ ತಿಂಗಳ ಲಾಕ್ ಬಟನ್ ಒತ್ತಿದ ಮೇಲೆ ನನಗೆ ಇನ್ನೊಂದು ಕೆಲಸ ಇದೆ. ಆ ತಿಂಗಳ ಪ್ರತಿ ಪಾವತಿಯ ಎದುರಿಗೆ ಅದರ ಬಿಲ್ ನಂಬರ್ ಬರೆದು, ಬೇರೆ ಫೈಲ್‌ನಲ್ಲಿ ಇಡುತ್ತೇನೆ.