ಕಾಳು ಕಾಯಲು ಬೇವೋ, ಬಜೆಯೋ, ಔಡಲೆಣ್ಣೆಯೋ?

ಮಹಾರಾಷ್ಟ್ರ ಗಡಿಯ ಜತ್ತ, ಅಕ್ಕಲಕೋಟ ಕಡೆ ಹಿಂಗಾರಿ ಜೋಳ ಚೀಲಕ್ಕೆ ಬೀಳುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೂಡಿಟ್ಟ ಕಾಳಿಗೆ ಹುಳು ಬೀಳದಂತೆ ಈ ಮೂರರಲ್ಲಿ ಯಾವುದು ಮೇಲು ಎಂದು ಕೇಳಿದ್ದೀರಿ, ಆದರೆ ಯಾವ ಕಾಳು ಎಂದು ಬರೆದಿಲ್ಲ. ಉತ್ತರ ನಿಂತಿರುವುದೇ ಅದರ ಮೇಲೆ.

ಖರ್ಚು ನೋಡಿದರೆ ಬೇವೇ ಸೈ, ಬದುವಿನ ಮೇಲೇ ಸಿಗುತ್ತದೆ. ಎಲೆಯನ್ನು ನೆರಳಲ್ಲಿ ಗರಿಗರಿ ಒಣಗಿಸಿ ಪದರ ಪದರವಾಗಿ ಹಾಕಿ. ಹಸಿ ಎಲೆ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಬೇವು ಹುಳುವನ್ನು ದೂರವಿಡುತ್ತದೆ, ಕೊಲ್ಲುವುದು ಕಡಿಮೆ. ವಾಸನೆ ಹೋದ ಮೇಲೆ ಎಲೆ ಬದಲಿಸಲೇಬೇಕು.

ಬಜೆ ಬೇರನ್ನು ಅಂಗಡಿಯಿಂದ ತರಬೇಕು. ಕಿಲೋ ಕಾಳಿಗೆ 10 ಗ್ರಾಂ ಪುಡಿ. ಅದರಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕ ಅಂಶ ಹುಳುವಿನ ಸಂತಾನವನ್ನೇ ತಡೆಯುತ್ತದೆ. ಆದರೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅದೇ ಅಂಶ ಕ್ಯಾನ್ಸರ್ ಗಡ್ಡೆ ತಂದಿದೆ. ಬಿತ್ತನೆ ಬೀಜಕ್ಕೆ ಬಳಸಿ, ರೊಟ್ಟಿಯ ಜೋಳಕ್ಕೆ ನಾನಂತೂ ಬೆರೆಸೆನು.

ತೊಗರಿ, ಹೆಸರು, ಅಲಸಂದಿಗೆ ಔಡಲೆಣ್ಣೆ. ಕಾಳಿನ ಸಿಪ್ಪೆಗೆ ಅಂಟಿದ ಬಿಳಿ ಚುಕ್ಕೆ ಕಂಡಿರಬೇಕಲ್ಲ, ಅದು ಹುಳುವಿನ ಮೊಟ್ಟೆ. ಎಣ್ಣೆಯ ಪದರ ಅದಕ್ಕೆ ಗಾಳಿ ತಪ್ಪಿಸುತ್ತದೆ, ಮರಿ ಒಳಗೇ ಸಾಯುತ್ತದೆ. ಕಿಲೋಗೆ 5 ಮಿ.ಲೀ. ಸಾಕು, ಆದರೆ ಪ್ರತಿ ಕಾಳೂ ಮಿನುಗುವಂತೆ ತಿಕ್ಕಬೇಕು. ರಟ್ಟೆ ನೋಯುವ ಕೆಲಸ, ಹತ್ತಿಪ್ಪತ್ತು ಕಿಲೋಗೆ ಸರಿ. ಜೋಳಕ್ಕೆ ಬೇಡ: ಅಲ್ಲಿ ಮೂತಿಹುಳು ಕಾಳು ಕೊರೆದು ಒಳಗೇ ಮೊಟ್ಟೆಯಿಡುತ್ತದೆ, ಮೇಲಾಗಿ ಜಿಡ್ಡಿನ ಜೋಳ ಒಯ್ದರೆ ಗಿರಣಿಯವನು ಬೈದಾನು.

ಹೀಗಾಗಿ ಊಟದ ಜೋಳಕ್ಕೆ ಬೇವು, ಬೇಳೆಕಾಳಿಗೆ ಎಣ್ಣೆ, ಬೀಜಕ್ಕೆ ಬಜೆ. ನುಸಿ ಆಗಲೇ ಬಿದ್ದಿದ್ದರೆ ಮೊದಲು ಬಿಸಿಲಿಗೆ ಹರವಿ ಜರಡಿ ಹಿಡಿಯಿರಿ. ಕಚ್ಚಿದರೆ ಹಲ್ಲಿಗೆ ‘ಕಟ್’ ಎನ್ನದ, ಅಂದರೆ ಸರಿಯಾಗಿ ಒಣಗದ ಕಾಳಿಗೆ ಈ ಮೂರೂ ದಂಡ.