ದಾವಣಗೆರೆ ಬೆಣ್ಣೆ ದೋಸೆ: ಕಾರ್ಬ್ ಲೆಕ್ಕ ಇಡುವವರು ಹೇಗೆ ತಿನ್ನಬೇಕು

ರುಚಿಯ ಬಗ್ಗೆ ತಕರಾರಿಲ್ಲ. ಅಂಚು ಗರಿಗರಿ, ಒಳಗೆ ಮೆತ್ತಗೆ, ಮೇಲೆ ಕರಗುವ ಬೆಣ್ಣೆ, ಪಕ್ಕದಲ್ಲಿ ಹಸಿಮೆಣಸಿನಕಾಯಿಯ ಕಾಯಿ ಚಟ್ನಿ. ದಾವಣಗೆರೆಯ ದೋಸೆ ಹೋಟೆಲುಗಳಿಗೆ ರುಚಿಯಲ್ಲಿ ಐದಕ್ಕೆ ಐದು. ಆದರೆ "ಬೆಣ್ಣೆ ಇದೆಯಲ್ಲ, ಕೀಟೋಗೆ (ಕಾರ್ಬ್, ಅಂದರೆ ಪಿಷ್ಟ-ಸಕ್ಕರೆ ತೀರಾ ಕಮ್ಮಿ, ಕೊಬ್ಬು ಜಾಸ್ತಿ ಇರುವ ಊಟಕ್ಕೆ) ನಡೆಯುತ್ತೆ" ಅಂತ ಎರಡು ದೋಸೆ ತರಿಸುವ ಶುಗರ್ ಇರುವವರಿಗೆ ತಟ್ಟೆಯ ಲೆಕ್ಕ ಹೇಳಲೇಬೇಕು.

ಹಿಟ್ಟಿನಲ್ಲಿರುವುದು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ, ಚೂರು ಮೆಂತ್ಯ. ಬಣ್ಣ ಬರಲಿ ಅಂತ ಸಕ್ಕರೆ, ಮೈದಾ ಸೇರಿಸುವವರೂ ಇದ್ದಾರೆ. ಒಂದು ದೋಸೆಗೆ 90 ಗ್ರಾಂ ಹಿಟ್ಟು ಅಂದುಕೊಂಡರೆ ಹತ್ತಿರ ಹತ್ತಿರ 30 ಗ್ರಾಂ ಕಾರ್ಬ್. 100 ಗ್ರಾಂ ಆಲೂಗಡ್ಡೆ ಪಲ್ಯದಲ್ಲಿ ಮತ್ತೆ 15ರಿಂದ 20. ಎರಡು ದೋಸೆ, ಪಲ್ಯ, ಎರಡು ಚಮಚ ಸಕ್ಕರೆಯ ಕಾಫಿ ಸೇರಿದರೆ 85 ದಾಟುತ್ತದೆ. ದಿನಕ್ಕೆ 130 ಗ್ರಾಂ ಮಿತಿ ಇಟ್ಟುಕೊಂಡವರಿಗೆ ಮೂರರಲ್ಲಿ ಎರಡು ಪಾಲು ಬೆಳಗ್ಗೆಯೇ ಖರ್ಚು. ಕೀಟೋದವರ ಮಿತಿ 20ರಿಂದ 50 ಗ್ರಾಂ. ಅವರಿಗೆ ಇದು ಹೊಂದುವ ತಿಂಡಿಯೇ ಅಲ್ಲ.

ಬೆಣ್ಣೆ ತಾನಾಗಿ ಶುಗರ್ ಏರಿಸುವುದಿಲ್ಲ. ಆದರೆ ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ತಿಂದು ಎರಡು ಗಂಟೆಯಾದ ಮೇಲೆ ಬೆರಳು ಚುಚ್ಚಿ ನೋಡಿದರೆ ಅಂಕಿ ಚೆನ್ನಾಗಿಯೇ ಕಾಣಬಹುದು, ಏರಿಕೆ ಮೂರನೇ, ನಾಲ್ಕನೇ ಗಂಟೆಗೆ ಬರಬಹುದು. ಈ ತಿಂಡಿಗೆ ಎರಡನೇ ಗಂಟೆಗೊಮ್ಮೆ, ಮೂರು-ನಾಲ್ಕನೇ ಗಂಟೆಗೊಮ್ಮೆ ನೋಡಿ. ಇನ್ನೊಂದು ಮಾತು: ಕಾರ್ಬ್ ಕಮ್ಮಿಯಾಗಿ ಇನ್ಸುಲಿನ್ ಇಳಿದಾಗ ದೇಹ ಕೊಬ್ಬನ್ನು ಹೆಚ್ಚು ಉರಿಸುತ್ತದೆ. ಅಕ್ಕಿಯ ಜೊತೆ ಬೆಣ್ಣೆ ಹೋದರೆ ಇನ್ಸುಲಿನ್ ಏರಿರುತ್ತದೆ, ಕೊಬ್ಬು ಶೇಖರಣೆಗೇ ಹೋಗುವುದು ಜಾಸ್ತಿ. ಒಂದು ದೊಡ್ಡ ಚಮಚ ಬೆಣ್ಣೆಯೆಂದರೆ 100 ಕ್ಯಾಲೊರಿ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಹೆಚ್ಚಿರುವವರಿಗೆ ಅದೂ ಲೆಕ್ಕಕ್ಕೆ ಬರಬೇಕು.

ಬಿಡಲೇಬೇಕೆಂದಿಲ್ಲ. ಮನೆಯಿಂದ ಹೊರಡುವ ಮುಂಚೆ ಒಂದು ಹಿಡಿ, ಅಂದರೆ 30 ಗ್ರಾಂ ಹುರಿದ ಶೇಂಗಾ ತಿನ್ನಿ; ಅದರಲ್ಲಿ ಪ್ರೋಟೀನ್ 7 ಗ್ರಾಂ, ಕಾರ್ಬ್ 5 ಗ್ರಾಂ ಆಸುಪಾಸು. ಪ್ರೋಟೀನ್ ಮೊದಲು ಹೋದರೆ ಏರಿಕೆ ತಗ್ಗುತ್ತದೆ. ಹೋಟೆಲಿನಲ್ಲಿ ಒಂದೇ ದೋಸೆ ಹೇಳಿ, "ಪಲ್ಯ ಬೇಡಣ್ಣ, ಬೆಣ್ಣೆ ಕಮ್ಮಿ, ಚಟ್ನಿ ಜಾಸ್ತಿ" ಅನ್ನಿ. ಕಾಫಿ ಸಕ್ಕರೆ ಇಲ್ಲದ್ದು. ಮುಗಿಸಿ 15–20 ನಿಮಿಷ ನಡೆಯಿರಿ. ಅವತ್ತು ಮಧ್ಯಾಹ್ನ ಅನ್ನ, ಮುದ್ದೆ ಎರಡೂ ಬೇಡ. ಸೊಪ್ಪು, ಕಾಳುಪಲ್ಯ, ಮಜ್ಜಿಗೆ ಸಾಕು.

ಸಂಜೆಯ ಮಂಡಕ್ಕಿ ಹಗುರ ಅನ್ನುವುದು ಕಣ್ಣಿಗೆ ಮಾತ್ರ. 30 ಗ್ರಾಂ ಮಂಡಕ್ಕಿಯಲ್ಲಿ 25 ಗ್ರಾಂನಷ್ಟು ಕಾರ್ಬ್, ಅದೂ ಬೇಗ ಜೀರ್ಣವಾಗುವಂಥದ್ದು.

ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡೋಸ್ ಬದಲಿಸದೆ ಕಾರ್ಬ್ ಏಕಾಏಕಿ ಇಳಿಸಿದರೆ ಶುಗರ್ ತೀರಾ ಕೆಳಗೆ ಹೋಗಬಹುದು. ಡಪಾಗ್ಲಿಫ್ಲೋಜಿನ್ ಥರದ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆಯವರಿಗೆ ಕೀಟೋದಲ್ಲಿ ಕೀಟೋಅಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಆಮ್ಲ ಅತಿಯಾಗಿ ತುಂಬಿಕೊಳ್ಳುವ ಸ್ಥಿತಿ) ಅಪಾಯವಿದೆ, ಶುಗರ್ ಅಷ್ಟೇನೂ ಏರದಿದ್ದರೂ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಮೀಟರ್ ನೋಡಿ ಸುಮ್ಮನಾಗದೆ ತಕ್ಷಣ ಆಸ್ಪತ್ರೆಗೆ ಹೋಗಿ.