28 ಮಿ.ಮೀ. ನೆಪೋಲಿಯನ್ ಕಾಲದ ಸೈನಿಕರು: ಪೆರ್ರಿ, ವಿಕ್ಟ್ರಿಕ್ಸ್, ಫ್ರಂಟ್ ರ‍್ಯಾಂಕ್
ಮೇಜಿನ ಮೇಲಿನ ಯುದ್ಧದಾಟಕ್ಕೆ ಪುಟ್ಟ ಸೈನಿಕ ಗೊಂಬೆ ಮಾಡುವ ಈ ಮೂರೂ ಕಂಪನಿಗಳು ಹೇಳುವ ಅಳತೆ 28 ಮಿ.ಮೀ. ಎಂದೇ, ಒಂದೇ ಸಾಲಲ್ಲಿ ನಿಲ್ಲಿಸಿದರೆ ಬಣ್ಣ ಬಯಲು. ಪೆರ್ರಿಯ ಪ್ಲಾಸ್ಟಿಕ್ ಸೈನಿಕರದು ತೆಳು ಮೈಕಟ್ಟು, ಮನುಷ್ಯರ ಅಳತೆಗೆ ತೀರಾ ಹತ್ತಿರ. ನನ್ನ ಓಟು ಇವಕ್ಕೇ. ವಿಕ್ಟ್ರಿಕ್ಸ್ ತುಸು ದೊಡ್ಡವು. ಫ್ರಂಟ್ ರ‍್ಯಾಂಕ್‌ನ ಲೋಹದ ಗೊಂಬೆಗಳು ಗುಂಡುಗುಂಡಗೆ, ಕೋವಿಯೂ ದಪ್ಪ.

ಅಂಗಾಲಿನಿಂದ ಕಣ್ಣಿನವರೆಗೆ ಅಳೆಯಿರಿ. ಶಾಕೋ ಟೋಪಿಯನ್ನೋ ಪಾದದಡಿಯ ಬಿಲ್ಲೆಯನ್ನೋ ಸೇರಿಸಿದರೆ ಲೆಕ್ಕ ಕೆಡುತ್ತದೆ. ಎತ್ತರ ಕಡಿಮೆ ಬಿದ್ದರೆ ಕಾಲಡಿ 1 ಮಿ.ಮೀ. ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅಂಚಿಗೆ ಪುಟ್ಟಿ ಮೆತ್ತಿ ಮರಳು ಉದುರಿಸಿ, ಕಾಣುವುದಿಲ್ಲ. ದಪ್ಪಕ್ಕೆ ಮಾತ್ರ ಮದ್ದಿಲ್ಲ. ಫ್ರಂಟ್ ರ‍್ಯಾಂಕ್‌ನವರನ್ನು ಪೆರ್ರಿಯವರ ಪಕ್ಕ ಸೇರಿಸಬೇಡಿ, ಅವರದೇ ಬೆಟಾಲಿಯನ್ ಕಟ್ಟಿ ಮೇಜಿನ ಇನ್ನೊಂದು ತುದಿಗೆ ಇಡಿ. ತಲೆ ಬದಲಿಸುವ ಚಪಲವಿದ್ದರೆ ಪೆರ್ರಿ, ವಿಕ್ಟ್ರಿಕ್ಸ್ ನಡುವೆ ನಡೆಯುತ್ತದೆ, ಗೊಂಬೆಯ ಕತ್ತನ್ನು ಒಂಚೂರು ಕೆರೆಯಬೇಕಷ್ಟೆ.